ಕಾವಲುಗಾರ ನಿಂತ ಜಾಗ

ಶಾಂತಿಗ್ರಾಮ
9-2-1964

ಪ್ರೀತಿಯ ತಮ್ಮ ಸಣ್ಣಯ್ಯನಿಗೆ,

ಮೊನ್ನೆ ಶುಕ್ರವಾರ ಸಂಜೆ ಹಾಸನದಲ್ಲಿ, ತುಂಬಿದ ಸಭೆಯ ಎದುರು, ನೀನು ಅಪ್ಪನಿಗೆ ಅನ್ಯಾಯ ಮಾಡಿದೆ. ಇದನ್ನು ಹೇಳದೆ ನಿನ್ನ ಕ್ಷೇಮ ಕೇಳಲು ಮನಸ್ಸು ಬರಲಿಲ್ಲ. ಈಗ ಕೇಳುತ್ತೇನೆ: ಕೆಮ್ಮು ಹೇಗಿದೆ? ಮೈಸೂರಿನ ಚಳಿಗೆ ಕಿವಿ ಮುಚ್ಚಿಕೊಂಡು ಓಡಾಡು. ನಾನು ಚೆನ್ನಾಗಿದ್ದೇನೆ. ಅಪ್ಪ ಎರಡು ದಿನದಿಂದ ಊಟದ ತಟ್ಟೆಯ ಮುಂದೆ ಸುಮ್ಮನೆ ಕೂರುತ್ತಾನೆ.

ಹಳೆಯ ‘ಧರ್ಮಕೇತು’ ನಾಟಕವನ್ನು ನೀನು ಹೊಸ ರೀತಿಯಲ್ಲಿ ಆಡಿಸಿದ್ದಕ್ಕೆ ನನ್ನ ತಕರಾರಿಲ್ಲ. ಕಿರೀಟವಿಲ್ಲದೆ, ಹಾರ್ಮೋನಿಯಂ ಇಲ್ಲದೆ, ಅರಸನಿಗೆ ಬರೀ ಬಿಳಿ ಪಂಚೆ ಉಡಿಸಿದ್ದೂ ನನಗೆ ಹಿಡಿಸಿತು. ಮಾರುವೇಷದ ಅರಸನನ್ನು ಊರಬಾಗಿಲಲ್ಲಿ ಕಾವಲುಗಾರ ತಡೆಯುವ ದೃಶ್ಯ ಬಂತು. ಉಳಿದವರೆಲ್ಲ ರಂಗದ ಮೇಲೆ. ಕಾವಲುಗಾರನೊಬ್ಬ ಕೆಳಗೆ, ಮೊದಲ ಸಾಲಿನ ಕುರ್ಚಿಗಳ ಮುಂದೆ. ಅರಸನೇ ಮೆಟ್ಟಿಲಿಳಿದು ಬಂದು ಅವನಿಗೆ ಮುದ್ರೆಯುಂಗುರ ತೋರಿಸಿದ. ಸಭೆ ಚಪ್ಪಾಳೆ ತಟ್ಟಿತು. ಕೊನೆಗೆ ನೀನು ಅಪ್ಪನ ಹೆಸರು ಹೇಳುತ್ತೀಯೆಂದು ನಂಬಿ ನಾನೂ ತಟ್ಟಿದೆ. ನಾಟಕ ಮುಗಿದ ಮೇಲೆ ವಕೀಲರೊಬ್ಬರು ಎದ್ದು, ಕಾವಲುಗಾರನನ್ನು ಕೆಳಗೆ ನಿಲ್ಲಿಸುವ ಯೋಚನೆ ಎಲ್ಲಿಂದ ಬಂತು ಎಂದು ಕೇಳಿದರು. ‘ನನಗೇ ಹೊಳೆದ ಪ್ರಯೋಗ, ಹೀಗೆ ಯಾರೂ ಆಡಿರಲಿಲ್ಲ’ ಎಂದೆ ನೀನು. ಎರಡನೇ ಸಾಲಿನಲ್ಲಿ ಅಪ್ಪ ಕೂತಿದ್ದ.

ಯಾರೂ ಆಡಿರಲಿಲ್ಲವೇ? ನಮ್ಮೂರು ದುದ್ದದಲ್ಲಿ 1936ರಿಂದ ಹನ್ನೊಂದು ವರ್ಷ ಹಾಗೆ ಆಡಿದವನು ಯಾರು? ಮೊದಲ ವರ್ಷ ಕಾವಲುಗಾರನ ಪಾತ್ರದವನು ಜ್ವರ ಬಂದು ಮಲಗಿದಾಗ, ತಾಲೀಮಿನ ಮನೆಯ ಹೊರಗೆ ನಿಂತು ಕೇಳಿಯೇ ಮಾತೆಲ್ಲ ಕಲಿತಿದ್ದ ಅಪ್ಪನನ್ನು ಕರೆದರು. ಅಪ್ಪನ ಗಂಟಲು ಬೇಕಿತ್ತು, ನಮ್ಮ ಕೇರಿಯ ಕಾಲು ರಂಗದ ಹಲಗೆಗೆ ತಾಗಬಾರದಿತ್ತು. ಅರಸನ ವೇಷದ ರಂಗಣ್ಣ ಎಲ್ಲರೆದುರು ಕೂಗಿದ್ದು ನನ್ನ ಕಿವಿಯಲ್ಲಿದೆ: “ಲೇ ಲಕ್ಕ, ಮ್ಯಾಕೆ ಅತ್ತಬ್ಯಾಡ ಕಣ್ಲಾ! ಅಲ್ಲೇ ನೆಲದ್ಮ್ಯಾಲೆ ನಿಂತ್ಕಂಡು ಹೇಳು.” ಆದರೆ ಉಂಗುರ ನೋಡದೆ ಕಾವಲುಗಾರ ಯಾರನ್ನೂ ಒಳಗೆ ಬಿಡುವಂತಿಲ್ಲವಲ್ಲ! ರಂಗಣ್ಣನೇ ಇಳಿದು ಬಂದು ದೂರದಿಂದ ಬೆರಳು ಚಾಚುತ್ತಿದ್ದ. “ಇನ್ನೊಸಿ ಅತ್ರ ಬನ್ನಿ ಬುದ್ದಿ, ಕಾಣಾಕಿಲ್ಲ” ಎಂದು ಅಪ್ಪ ತನ್ನದೇ ಮಾತು ಸೇರಿಸಿದರೆ ಊರೆಲ್ಲ ನಗುತ್ತಿತ್ತು. ನೀನು ನಗುತ್ತಿರಲಿಲ್ಲ. ಏಳು ವರ್ಷದವನು, ನನ್ನ ಸೆರಗು ಹಿಡಿದು, “ಅಪ್ಪ ಯಾಕಕ್ಕಾ ಮ್ಯಾಕೆ ಓಗಾಕಿಲ್ಲ?” ಎಂದು ಕೇಳುತ್ತಿದ್ದೆ. ಮರೆತೆ ಎಂದು ನನಗೆ ಹೇಳಬೇಡ. ಅಪ್ಪನನ್ನು ಕೆಳಗೆ ನಿಲ್ಲಿಸಿದವರು ಊರವರು. ಅಲ್ಲಿ ಅವನು ನಿಂತಿದ್ದನೆಂಬುದನ್ನೇ ಅಳಿಸಿದವನು ನೀನು.

ವಾಪಸ್ ಬರುವಾಗ ಬಸ್ಸಿನಲ್ಲಿ, ಸಭೆಯವರು ನಿನಗೆ ಹಾಕಿದ ಹಾರ ನೆನೆದು, ಅಪ್ಪ ಮೊದಲು ತಮಾಷೆ ಮಾಡಿದ. “ನಾನೂ ಪ್ರಯೋಗ ಮಾಡಿದ್ನಲ್ಲವ್ವಾ, ನಂಗ್ಯಾರೂ ಆರ ಆಕ್ಲಿಲ್ಲ!” ಆಮೇಲೆ ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಕೇಳಿದ: “ಮಾಯೀ, ಅವ್ನು ಮರ್ತ್ಬುಟ್ಟವ್ನಾ, ಇಲ್ಲಾ ನಾಚ್ಕತಾವ್ನಾ?”

ಔಷಧಿ ತಪ್ಪಿಸಬೇಡ. ಸಿಟ್ಟಿನಲ್ಲೂ ನಿನ್ನ ಒಳ್ಳೆಯದನ್ನೇ ಬಯಸುವ
ಅಕ್ಕ,
ಮಾಯಮ್ಮ

ತಾ.ಕ.: ಶನಿವಾರ ಹೊಳೆನರಸೀಪುರದ ನಿನ್ನ ಪ್ರದರ್ಶನಕ್ಕೆ ಅಪ್ಪ ಬರುತ್ತಾನಂತೆ, ಈಗಷ್ಟೇ ಹೇಳಿದ. ಅದಕ್ಕೆ ಮೊದಲು ಮನೆಗೆ ಬಂದು ಕಾಲು ಹಿಡಿಯಬೇಡ, ನನಗೆ ಕಾಗದವನ್ನೂ ಬರೆಯಬೇಡ. ಸಭೆಯಲ್ಲಿ ಆಡಿದ ಮಾತು ಅದು. ನಾಟಕ ಶುರುವಾಗುವ ಮುಂಚೆ ರಂಗದ ಮೇಲೆ ನಿಂತು, ಲಕ್ಕಯ್ಯನ ಮಗ ನಾನು ಎಂದು ಹೇಳಿ, ಅಪ್ಪ ಕೇಳಿದ್ದಕ್ಕೆ ಎಲ್ಲರಿಗೂ ಕೇಳಿಸುವಂತೆ ಉತ್ತರ ಕೊಡು: ಮರೆತೆಯಾ, ನಾಚಿದೆಯಾ?