ಚಕ್ರವಿಲ್ಲದ ಜೀಪಿನ ಇಂಟರ್‌ವ್ಯೂ

ಬಣಕಲ್ ಹತ್ತಿರ, ಸೋಮವಾರ

ಪ್ರೀತಿಯ ಮಾವ,

ಇಲ್ಲಿ ನೆಟ್‌ವರ್ಕ್ ಇಲ್ಲ, ಅದಕ್ಕೇ ಕಾರ್ಡು. ಹೋಂಸ್ಟೇ ಗೈಡ್ ಕೆಲಸದ ಇಂಟರ್‌ವ್ಯೂ ಬೆಳಿಗ್ಗೆ ಶುರುವಾಗಿದ್ದು ಇನ್ನೂ ಮುಗಿದಿಲ್ಲ. ಶೆಡ್ಡಿನಲ್ಲಿ ಇಟ್ಟಿಗೆ ಮೇಲೆ ಚಕ್ರವಿಲ್ಲದ ಜೀಪೊಂದಿದೆ. ನನ್ನ ಕೈಗೆ ಸ್ಟೇರಿಂಗ್ ಕೊಟ್ಟು, ಎಸ್ಟೇಟ್ ಮಾಲೀಕ ಓಂಕಾರಮೂರ್ತಿಯವರು ಹೆಂಡತಿ ರುದ್ರಾಣಮ್ಮನೊಂದಿಗೆ ಹಿಂದೆ ಕೂತು, "ನಾವೇ ಗೆಸ್ಟು ಅಂದ್ಕೊ. ದಾರಿ ತೋರಿಸ್ತಾ ಕರ್ಕೊಂಡು ಹೋಗು" ಎಂದರು. ಟೆನ್ಷನ್‌ಗೆ ಮೂಡಿಗೆರೆ ಬಗ್ಗೆ ಓದಿದ್ದೆಲ್ಲ ಬ್ಲ್ಯಾಂಕ್! ನೀವು ನಮ್ಮನ್ನು ಕರೆದೊಯ್ದ ಕರಾವಳಿ ರಸ್ತೆಯೇ ಬಾಯಿಗೆ ಬಂತು. "ಎಡಕ್ಕೆ ಕಡಲು, ಬಲಕ್ಕೆ ಸೌಪರ್ಣಿಕಾ ನದಿ, ಇದು ಮರವಂತೆ" ಎಂದೆ. ಬೈಂದೂರಿನ ತಿರುವಿನಲ್ಲಿ ರುದ್ರಾಣಮ್ಮ, "ನಿಲ್ಸೇ ಮಾರಾಯ್ತಿ!" ಎಂದು ಇಳಿದೋಡಿ ಕಾಫಿ ಗಿಡದ ಬುಡಕ್ಕೆ ವಾಂತಿ ಮಾಡಿದರು. ಕೆಲಸ ಹೋಯಿತು ಎಂದುಕೊಂಡೆ. ಅವರು ಬಾಯಿ ತೊಳೆದು ಬಂದು ಹತ್ತಿ, "ಕಡಲಿನ ಸೈಡು ನಂಗಿರ್ಲಿ. ಗೋಕರ್ಣಕ್ಕೆ ಬಿಡು" ಎಂದರು. ಗೋಕರ್ಣ ಮುಟ್ಟಿಸಿದರೆ ಕೆಲಸ ನನ್ನದಂತೆ.

ಆರೋಗ್ಯ ಚೆನ್ನಾಗಿದೆ. ಸದ್ಯ ಭಟ್ಕಳದಲ್ಲಿ ಊಟಕ್ಕೆ ನಿಲ್ಲಿಸಿದ್ದೇನೆ. ಅವತ್ತು ನಾವು ಅಲ್ಲಿಂದಲೇ ವಾಪಸಾದೆವಲ್ಲ, ಮುಂದಿನ ದಾರಿ ನನಗೆ ಗೊತ್ತಿಲ್ಲ. ಏನೇನು ಬರುತ್ತದೆ ಎಂದು ಮರುಟಪಾಲಿಗೇ ಬರೆಯಿರಿ. ಅಲ್ಲಿಯವರೆಗೆ ರುದ್ರಾಣಮ್ಮನವರಿಗೆ ಭಟ್ಕಳದ ಮಲ್ಲಿಗೆ ಕೊಡಿಸುತ್ತಿರುತ್ತೇನೆ.

ಹಾರ್ನ್ ಹೊಡೆಯುತ್ತಿದ್ದಾರೆ, ಹೊರಟೆ.
ನಿಮ್ಮ ಗಾನಾ