ತಡವಾಗಿ ತೆರೆದ ಕಾದಂಬರಿ

ಪ್ರೀತಿಯ ತಮ್ಮನಿಗೆ,

ವಾರ್ಡಿನಲ್ಲಿ ನೆರೆದ ಮಹಾಜನಗಳೇ, ಈಗ ಕಣ್ಣು ಕಾಣದ ನನ್ನ ತಮ್ಮನಿಗೆ ಇದನ್ನು ಓದಿ ಹೇಳುತ್ತಿರುವ ನರ್ಸಮ್ಮನವರೇ, ಎಲ್ಲರೂ ಕೇಳಲೇಬೇಕು! ನಾನು ಇವನನ್ನು ಗೇಲಿ ಮಾಡಿದ್ದೂ ತುಂಬಿದ ಸಭೆಯಲ್ಲೇ.

ತಮ್ಮಾ, ಆಗ ನೀನು ನಮ್ಮ ನಾಟಕ ಕಂಪನಿಯಲ್ಲಿ ಪರದೆಯ ಮರೆಯಿಂದ ನಟರಿಗೆ ಮರೆತ ಮಾತು ಎತ್ತಿಕೊಡುತ್ತಿದ್ದೆ. ಎಲ್ಲರೂ ಹೊಗಳುತ್ತಿದ್ದ ಆ ವಿಜ್ಞಾನ ಕಾದಂಬರಿ ತಂದು, "ಅಣ್ಣಾ, ಇದೊಂದು ಓದೋ, ನಾಟಕ ಮಾಡೋಣ" ಅಂದೆ. ನನಗೊಂದು ಪಾತ್ರ ಇದೆಯೇ ಎಂದು ಹಾಳೆ ತಿರುವಿದೆ. ಕಿರೀಟವಿಲ್ಲ, ಕತ್ತಿಯಿಲ್ಲ! ಅಂದಿನ ಆಟದಲ್ಲೇ ತಲೆಗೆ ಬೋಗುಣಿ ಕವುಚಿಕೊಂಡು, "ನಾನು ಚಂದ್ರಲೋಕದ ಗುಮಾಸ್ತ, ನನ್ನ ತಮ್ಮ ಕಳಿಸಿದ!" ಎಂದು ಅಬ್ಬರಿಸಿದೆ. ಜನ ಬಿದ್ದು ಬಿದ್ದು ನಕ್ಕರು. ಪರದೆಯ ಹಿಂದಿನಿಂದ ನಿನ್ನ ದನಿ ಮತ್ತೆ ಬರಲಿಲ್ಲ. ಮೂವತ್ತು ವರ್ಷ ಬರಲಿಲ್ಲ.

ನೀನು ಬಿಟ್ಟುಹೋದ ಆ ಪುಸ್ತಕವನ್ನು, ಎಪ್ಪತ್ತೊಂದು ತುಂಬಿದ ಮೇಲೆ, ಕಳೆದ ವಾರ ಓದಿದೆ. ನಕ್ಷತ್ರಗಳ ನಡುವಿನ ನಿಲ್ದಾಣ ಕಾಯುವ ಮುದುಕ, ಉತ್ತರ ಬರುವಷ್ಟರಲ್ಲಿ ತಾನಿರುವುದಿಲ್ಲವೆಂದು ಗೊತ್ತಿದ್ದೂ, ದಿನವೂ ರೇಡಿಯೋದಲ್ಲಿ ಮನೆಯವರೊಂದಿಗೆ ಮಾತಾಡುತ್ತಾನಲ್ಲ, ಅದನ್ನು ಎರಡೆರಡು ಸಲ ಓದಿದೆ. ಆ ಪುಟಗಳ ಅಂಚಿನುದ್ದಕ್ಕೂ ನೀನು ಪೆನ್ಸಿಲಿನಲ್ಲಿ ಬರೆದಿದ್ದೆ: "ಇದು ಅಣ್ಣನ ಮಾತು. ಇಲ್ಲಿ ಅಣ್ಣ ಮೆಲ್ಲಗೆ."

ನಿನಗೆ ಇಡೀ ಪುಸ್ತಕ ಓದಿ ಹೇಳುವಷ್ಟು ದಿನ ಉಳಿದಿಲ್ಲವೆಂದು ನಿನ್ನ ಹೆಂಡತಿ ಹೇಳಿದಳು. ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ನಾನು ಬರುವುದು ಬೇಡವಾದರೆ ಸಂಜೆಯೊಳಗೆ ಅವಳಿಗೆ ಹೇಳಿಬಿಡು. ಬೇಡ ಅನ್ನದಿದ್ದರೆ ಮಂಚದ ಪಕ್ಕ ಒಂದು ಸ್ಟೂಲು ಹಾಕಿಸು. ನಾಳೆ ಬೆಳಿಗ್ಗೆ ಮೊದಲ ಬಸ್ಸಿಗೆ ಬಂದು, ನೀನು ನನಗೆಂದು ಗುರುತು ಹಾಕಿದ ಮಾತುಗಳನ್ನು ನಿನ್ನ ಮುಂದೆ ಆಡುತ್ತೇನೆ.

ಇಂತಿ,
ನಿನ್ನ ಅಣ್ಣ