ನಮ್ಮ ಓಣಿಯಲ್ಲಿ ಕೂಗದ ಸುದ್ದಿ

೨೦ ಅಕ್ಟೋಬರ್ ೨೦೨೪, ರವಿವಾರ

ಬೆಳಿಗ್ಗೆ ಸೀರೆ ಅಂಗಡಿಯ ಡಿಸ್ಕೌಂಟ್, ಮಧ್ಯಾಹ್ನ ಕಣ್ಣಿನ ತಪಾಸಣೆ ಶಿಬಿರ. ಎರಡಕ್ಕೂ ಒಂದೇ ದನಿ. ಗಜೇಂದ್ರಗಡದಿಂದ ಲಕ್ಕಲಕಟ್ಟಿ, ಮುಶಿಗೇರಿ… ಆಟೋದ ಮೇಲೆ ಸ್ಪೀಕರ್, ಒಳಗೆ ನಾನು. ಜನಕ್ಕೆ ನನ್ನ ಮುಖ ಗೊತ್ತಿಲ್ಲ, ಗಂಟಲು ಗೊತ್ತು.

ಬರುವಾಗ ಖಾನಾವಳಿಯಿಂದ ಮುಸುರೆಯ ಬಕೆಟ್ ತಂದೆ. ಸಾವ್ಕಾರ ಗೂಡಿನಲ್ಲಿ ಎದ್ದು ನಿಂತು ಕಾಯುತ್ತಿದ್ದ. ಹಂದಿಗೆ ಆ ಹೆಸರಿಟ್ಟವನು ನಾನೇ. ದುಡಿಯದೆ ಹೊತ್ತು ಹೊತ್ತಿಗೆ ಉಣ್ಣುವವನಿಗೆ ಇನ್ನೇನು ಹೆಸರು? ಹೋದ ವರ್ಷ ಗಂಟಲಲ್ಲಿ ಗಂಟಾಗಿ ನಾನು ಮೂಕನಾಗಿ ಕೂತಾಗ ಅವ್ವ ಹರಕೆ ಹೊತ್ತಳು: ಮಗನ ದನಿ ಮರಳಿ ಬಂದರೆ ದುರ್ಗವ್ವನಿಗೆ ಮನೆಯಲ್ಲೇ ಸಾಕಿದ ಹಂದಿ. ಆಪರೇಷನ್ ಮಾಡಿದ್ದು ಹುಬ್ಬಳ್ಳಿ ಡಾಕ್ಟರ್, ಜಮಾ ಆದದ್ದು ದುರ್ಗವ್ವನ ಖಾತೆಗೆ. ಇರಲಿ.

ಸಂಜೆ ಮನೆಯಲ್ಲಿ ನಾನೊಬ್ಬನೇ. ಕರಿ ನಾಯಿಯೊಂದು, ಬಾಲ ತುಂಡು, ಸೀದಾ ಗೂಡಿಗೆ ನುಗ್ಗಿ ಸಾವ್ಕಾರನ ಕಿವಿ ಹಿಡಿಯಿತು. ಬಡಿಗೆಯಿಂದ ಹೊಡೆದರೂ ಬಿಡಲೊಲ್ಲದು. ಕೊನೆಗೆ ಬಿಟ್ಟು ಓಡಿತು. ಹಿಂದೆಯೇ ಗೋಡೆಯಾಚೆಯಿಂದ ಮಲಿಕಸಾಬ ಕಾಕಾ. ಹಂದಿಯ ಗೂಡಿನ ಹತ್ತಿರ ಬರುವವನಲ್ಲ, ದೂರದಿಂದಲೇ ಕೂಗಿದ.

"ಏ, ಆ ಕರಿ ನಾಯಿ ನನ್ನ ಹೋತಕ್ಕ ಬಾಯಿ ಹಾಕಿ ಬಂದೈತೋ! ನಿಮ್ಮದಕ್ಕೇನರ ಮಾಡ್ತೇನು?"

"ಇಲ್ಲ ಕಾಕಾ. ಓಡಿಸಿದೆ."

ಯಾಕೆ ಹಾಗಂದೆ? ನಾಯಿ ಬಾಯಿ ಹಾಕಿದ ಪ್ರಾಣಿ ದುರ್ಗವ್ವನಿಗೆ ನಡೆಯುವುದಿಲ್ಲ. ಇನ್ನೊಂದು ಮರಿ ತಂದು ಮತ್ತೊಂದು ವರ್ಷ ಮುಸುರೆ ಹೊರಬೇಕು. ಕಿವಿಗೆ ಅರಿಶಿನ ಮೆತ್ತಿದೆ. ತಂತಿ ತಾಗಿತು ಅಂತ ಅವ್ವನಿಗೆ ಹೇಳಿದೆ. ನಂಬಿದಳು. ನಂಬಿಸುವುದೇ ನನ್ನ ಕಸುಬು.

೩ ನವೆಂಬರ್, ರವಿವಾರ

ಕಿವಿ ಮಾಯ್ದಿದೆ. ಹೆಂಡತಿ ಶೈಲಶ್ರೀಯ ತಮ್ಮ ಬಸ್ಯಾ ಬಂದಿದ್ದ. ಹಂದಿ ಕೊಯ್ದು ಹಸನು ಮಾಡುವುದಕ್ಕೆ ನಮ್ಮ ಬೀಗರಲ್ಲೆಲ್ಲ ಅವನದೇ ಕೈ. ಸಾವ್ಕಾರನ ಬೆನ್ನು ಚಪ್ಪರಿಸಿದ.

"ಮಾವಾ, ಇದು ನಿನಗಿಂತ ಚಲೋ ಮೈ ಬಿಟ್ಟೈತಿ."

"ನಾ ದುಡದು ತಿಂತೀನಲೇ."

"ಬರೇ ಒದರತಿ. ಅದೇನು ದುಡಿಮಿ?"

ಬಸ್ಯಾನ ಮದುವೆ ಗೊತ್ತಾಗಿದೆ. ರೋಣದ ಹುಡುಗಿ. ಫೋನಿನಲ್ಲಿ ಫೋಟೋ ತೋರಿಸಿ ತಾನೇ ನಾಚಿದ. ಹರಕೆ ೧೨ಕ್ಕೆ, ಮಂಗಳವಾರ.

೧೦ ನವೆಂಬರ್, ರವಿವಾರ

ನಿನ್ನೆಯಿಂದ ಸಾವ್ಕಾರ ಮುಸುರೆ ಮೂಸಿಲ್ಲ. ಮಾಯ್ದ ಕಿವಿಯನ್ನು ಗೂಟಕ್ಕೆ ತಿಕ್ಕಿ ತಿಕ್ಕಿ ರಕ್ತ ಮಾಡಿಕೊಂಡಿದೆ. ಬಾಯಿಂದ ಜೊಲ್ಲು. ಚೀರಿದರೆ ದನಿ ಒಡೆದು ಬರುತ್ತದೆ, ಹೋದ ವರ್ಷ ನನಗಾದ ಹಾಗೆ.

ಅವ್ವ ಅಂದಳು: "ತನ್ನ ದಿನ ಬಂದದ್ದು ಅದಕ್ಕ ತಿಳದೈತಿ." ಎಲ್ಲರೂ ಹೌದೆಂದರು. ಎಲ್ಲರಿಗಿಂತ ಮೊದಲು ನಾನು.

೧೧ ನವೆಂಬರ್

ಬಕೆಟ್ ಕಚ್ಚಿ ಸೀಳಿತು. ಪ್ಲಾಸ್ಟಿಕ್ ಚೂರು ಬಾಯಲ್ಲೇ ಇದೆ, ಉಗುಳುವುದೂ ಇಲ್ಲ. ದನದ ಡಾಕ್ಟರಿಗೆ ಫೋನ್ ಹಚ್ಚಲೆಂದು ನಂಬರ್ ತೆಗೆದೆ. ಅವರ ಮೊದಲ ಪ್ರಶ್ನೆ ಏನೆಂದು ಗೊತ್ತು: ಏನಾದರೂ ಕಚ್ಚಿತ್ತೇ?

ಹಚ್ಚಲಿಲ್ಲ. ನಾಳೆಗೆ ಎಲ್ಲ ಮುಗಿಯುತ್ತದೆ.

೧೨ ನವೆಂಬರ್, ಮಂಗಳವಾರ

ಮುಗಿಯಿತು.

ದುರ್ಗವ್ವನ ಮುಂದೆ ಭಂಡಾರ, ಕುಂಕುಮ, ನೀರು. ಬಸ್ಯಾ ಒಂದೇ ಪೆಟ್ಟಿಗೆ ಮುಗಿಸಿದ. ಹುಲ್ಲು ಹೊತ್ತಿಸಿ ಕೂದಲು ಸುಟ್ಟು, ಕೆರೆದು, ಹಳದಿ ತೊಗಲು ಮಾಡಿದ. ತಲೆ ಸೀಳುವಾಗ ಕತ್ತಿ ಜಾರಿ ಹೆಬ್ಬೆರಳು ಕೊಯ್ದಿತು. ಬಾಯಲ್ಲಿಟ್ಟು ಚೀಪಿ, ನಕ್ಕು, ಮತ್ತೆ ಅದೇ ಕೈಯನ್ನು ಹಂದಿಯ ದವಡೆಯೊಳಗೆ ಹಾಕಿದ. ಜೊಲ್ಲು, ರಕ್ತ, ಎಲ್ಲ ಕಲಸಿಹೋಯಿತು. ನೋಡುತ್ತಿದ್ದೆ.

ಪದ್ಧತಿಯಂತೆ ಓಣಿಯ ಮನೆಮನೆಗೂ ಹಸಿ ಪಾಲು. ಹೆಂಗಸರು ತಂತಮ್ಮ ಮನೆಯಲ್ಲಿ ಕೊಯ್ದು ತೊಳೆದು ಬೇಯಿಸುತ್ತಾರೆ. ಯಾವ ಪಾಲು ಯಾರ ಮನೆಗೆ ಅಂತ ಕೂಗಿ ಹಂಚಿದವನು ನಾನೇ.

ಊಟಕ್ಕೆ ಕೂತಾಗ ಹೊಟ್ಟೆ ಸರಿಯಿಲ್ಲ ಅಂದೆ. ಶೈಲಶ್ರೀ ನನ್ನ ತಾಟು ನೋಡಿದಳು, ನನ್ನನ್ನು ನೋಡಿದಳು.

೧೫ ನವೆಂಬರ್, ಶುಕ್ರವಾರ

ಮಲಿಕಸಾಬನ ಹೋತ ಸತ್ತಿದೆ. ಸಾಯುವ ಮೊದಲು ಕಂಡದ್ದನ್ನೆಲ್ಲ ಕಚ್ಚಿತಂತೆ. ಹುಚ್ಚುನಾಯಿ ರೋಗ ಅಂದರಂತೆ ಡಾಕ್ಟರು.

ಪುರಸಭೆಯ ಹೆಲ್ತ್ ಇನ್‌ಸ್ಪೆಕ್ಟರ್ ಪ್ರಭುಲಿಂಗಪ್ಪ ಕರೆಸಿ ಚೀಟಿ ಕೊಟ್ಟರು. "ಇದರಾಗ ಒಂದೀಟು ಹೆದರಿಕಿ ಇರಲಿ. ಸೀರಿ ಮಾರಿದಂಗ ಕೂಗಬ್ಯಾಡ."

ಓದಿದೆ. 'ಕಪ್ಪು ಬಣ್ಣದ, ಬಾಲ ತುಂಡಾದ ಹುಚ್ಚುನಾಯಿಯೊಂದು ಕಳೆದ ತಿಂಗಳು ಜಾನುವಾರುಗಳನ್ನು ಕಚ್ಚಿರುತ್ತದೆ. ಅಂಥ ಪ್ರಾಣಿಯ ಜೊಲ್ಲು, ಹಸಿ ಮಾಂಸ ಮುಟ್ಟಿದವರು, ಕೈಗೆ ಗಾಯವಿದ್ದವರು ಕೂಡಲೇ ಸರಕಾರಿ ದವಾಖಾನೆಗೆ ಬರತಕ್ಕದ್ದು.'

'ಕೈಗೆ ಗಾಯ' ಅನ್ನುವುದನ್ನು ಎರಡು ಸಲ ಓದಿದೆ. ಆದರೂ ಕೂಗಿದೆ. ಬಸ್‌ಸ್ಟ್ಯಾಂಡ್, ಪೇಟೆ, ಗುಡ್ಡದ ದಾರಿ. ಜನ ಬಾಗಿಲಿಗೆ ಬಂದು ಕೇಳಿದರು. ಪ್ರಭುಲಿಂಗಪ್ಪ ಫೋನ್ ಮಾಡಿ ಭೇಷ್ ಅಂದರು. "ಇವತ್ತ ಖರೇ ಹೆದರಿಸಿದಿ ನೋಡಪಾ!"

ನಮ್ಮ ಓಣಿಯ ತಿರುವು ಬಂತು. ಕೈ ತಾನೇ ಹೋಗಿ ಸ್ವಿಚ್ ಆರಿಸಿತು. ಮೂಕ ಆಟೋ ಓಣಿಯನ್ನು ದಾಟಿತು. ಅವ್ವ ಕಟ್ಟೆಯ ಮೇಲೆ ಬುಟ್ಟಿ ಹೆಣೆಯುತ್ತಿದ್ದಳು.

"ಊರಿಗೆಲ್ಲ ಏನೋ ಕೂಗಿದಿಯಂತ. ನಮ್ಮ ಓಣ್ಯಾಗ ಯಾಕ ಕೂಗಲಿಲ್ಲೋ?"

"ಬ್ಯಾಟರಿ ಹೋತಬೇ."

೧೬ ನವೆಂಬರ್

ದವಾಖಾನೆಗೆ ಹೋದೆ. ನರ್ಸ್ ಇಷ್ರತ ಪರಿಚಯದವಳು. ಕೂಗಲಿಕ್ಕೆ ಮಾಹಿತಿ ಬೇಕು ಅಂದೆ.

"ಚಲೋತ್ನಾಗ ಕುದಿಸಿ ಉಂಡೋರಿಗೆ ಅಷ್ಟು ಅಂಜಿಕಿಲ್ರಿ ಅಣ್ಣಾ. ಹಸೀದು ಕೊಯ್ದೋರು, ಕೈಗೆ ಗಾಯ ಆದೋರು ಲಗೂನ ಬರಬೇಕು. ಜಡ್ಡು ಎದ್ದ ಮ್ಯಾಲ ನಮ್ಮ ಕೈಯಾಗ ಏನೂ ಇಲ್ಲ. ನೀರು ಕಂಡರ ಗಂಟಲು ಕಟ್ಟತೈತಿ, ದನಿ ಹೊಂಡೂದಿಲ್ಲ…" ತಡೆದು ನನ್ನ ಮುಖ ನೋಡಿದಳು. "ಯಾರಿಗರ ಆಗೇತೇನ್ರಿ?"

"ಇಲ್ಲವಾ."

ಅಲ್ಲಿಂದ ಬಸ್ಯಾನ ಮನೆ. ಹೆಬ್ಬೆರಳು ಊದಿದೆ, ಅರಿವೆ ಕಟ್ಟಿದ್ದಾನೆ. "ಮಣಿಕಟ್ಟಿನ ಮಟಾ ಜುಮುಜುಮು ಅಂತೈತಿ ಮಾವಾ." ಗಾಯ ಬಾತದ್ದಕ್ಕೂ ಹಾಗಾಗಬಹುದು. ಆಗಬಹುದು… ಆಗಲಿ ದೇವರೇ. ದವಾಖಾನೆಗೆ ನಡಿ, ಟಿಟಿ ಹಾಕಿಸೋಣ ಅಂದೆ.

"ಇಷ್ಟಕ್ಕ ಸೂಜಿ? ರೋಣದಾಕಿ ಕೇಳಿದರ ನಗತಾಳ."

ನಿಜ ಹೇಳಿದ್ದರೆ ಬರುತ್ತಿದ್ದ. ಬಾಯಿ ತೆರೆದೆ. 'ನೀರು ಕುಡದಿಯೇನೋ?' ಅಂತ ಕೇಳಿದೆ. ತಂಬಿಗೆ ಎತ್ತಿ ಗಟಗಟ ಕುಡಿದ. ಗಂಟಲಿಳಿಯುವ ಒಂದೊಂದು ಗುಟುಕನ್ನೂ ನೋಡುತ್ತ ಕೂತೆ.

ಮನೆಗೆ ಬಂದರೆ ಶೈಲಶ್ರೀ ಬಾಗಿಲಲ್ಲಿ. "ಹರಕಿ ನಿನ್ನ ದನಿ ಸಲುವಾಗಿ. ನೀನಽ ಬಾಯಿಗೆ ಹಾಕಲಿಲ್ಲ. ಊರಿಗೆ ಕೂಗಿದಿ, ನಮ್ಮ ಓಣಿಗೆ ಕೂಗಲಿಲ್ಲ. ಏನೈತಿ?"

"ಏನೂ ಇಲ್ಲ."

ಅವಳ ತೋರುಬೆರಳಿಗೂ ಈಳಿಗೆ ತಾಗಿದ ಗೆರೆಯೊಂದಿದೆ. ಈಗಷ್ಟೇ ಕಂಡೆ. ಯಾವತ್ತಿನದು ಅಂತ ಕೇಳಲು ಧೈರ್ಯವಿಲ್ಲ.

೧೭ ನವೆಂಬರ್, ರವಿವಾರ, ಬೆಳಿಗ್ಗೆ

ಕೇಳಿದೆ. ಮಂಗಳವಾರದ್ದು.

ಬಸ್ಯಾನೊಬ್ಬನಿಗೆ ಗುಟ್ಟಾಗಿ ಹೇಳಿ ಕರೆದೊಯ್ಯೋಣ ಎಂದುಕೊಂಡಿದ್ದೆ. ಆಗದು. ಎಷ್ಟು ಮನೆಯಲ್ಲಿ ಎಷ್ಟು ಕೈ, ಯಾವ ಕೈಗೆ ಎಲ್ಲಿ ಗೆರೆ… ಪಾಲು ಹೋದಲ್ಲೆಲ್ಲ ಮಾತೂ ಹೋಗಬೇಕು. ಹೇಳಿದ ಮೇಲೆ ಹೊಡೆಯುತ್ತಾರೆ. ಓಣಿ ಬಿಡಿಸಬಹುದು. ನಾಯಿ ಮುಟ್ಟಿದ್ದನ್ನು ದೇವಿಗೆ ಕೊಟ್ಟೆನೆಂದು ಅವ್ವ ಮುಖ ನೋಡಲಿಕ್ಕಿಲ್ಲ. ಈ ಭಯವನ್ನೆಲ್ಲ ತಕ್ಕಡಿಯ ಒಂದು ತಟ್ಟೆಯಲ್ಲಿ ಹಾಕಿದೆ, ಇನ್ನೊಂದರಲ್ಲಿ ಇಷ್ರತ ಹೇಳಿದ ಒಂದೇ ಮಾತು: ಜಡ್ಡು ಎದ್ದ ಮ್ಯಾಲ ಕೈಯಾಗ ಏನೂ ಇಲ್ಲ. ಆ ಮಾತಿನ ತಟ್ಟೆ ಮೇಲೇಳಲೇ ಇಲ್ಲ.

ಚೀಟಿ ತೆಗೆದು ತಿದ್ದುತ್ತಿದ್ದೇನೆ. 'ಅಂಥ ಪ್ರಾಣಿಯ' ಹೊಡೆದುಹಾಕಿದೆ. 'ಹಂದಿಯೊಂದರ' ಅಂತ ಬರೆದೆ. ಅದನ್ನೂ ಹೊಡೆದೆ. 'ನಮ್ಮ ಮನೆಯ ಹಂದಿಯ.' ಹೊಡೆದು ತಿದ್ದಿ ಅಕ್ಷರ ಸೊಟ್ಟಗಾಗಿದೆ. ಓದುವವನು ನಾನೇ ತಾನೆ.

ಹೊರಗೆ ಬಸ್ಯಾ ಬಂದಿದ್ದಾನೆ. ಅರಿವೆ ಸುತ್ತಿದ ಕೈಯಲ್ಲೇ ನನ್ನ ಆಟೋ ಒರೆಸುತ್ತಿದ್ದಾನೆ.

"ಮಾವಾ, ಇವತ್ತು ಯಾವ ಅಂಗಡೀದು?"

ಮೈಕ್ ಹಚ್ಚಿಡು, ಬಂದೆ ಅಂದೆ. ಹಚ್ಚಿದ. ಟಪ್ ಟಪ್ ಬಡಿದು 'ಹಲೋ, ಹಲೋ' ಅನ್ನುತ್ತಿದ್ದಾನೆ. ಅವ್ವ ಬುಟ್ಟಿ ಬಿಟ್ಟು ತಲೆ ಎತ್ತಿದಳು. ಓಣಿಯ ಬಾಗಿಲುಗಳು ತೆರೆಯುತ್ತಿವೆ.

ಮೊದಲ ಸಾಲು ಸಾರ್ವಜನಿಕರ ಗಮನಕ್ಕೆ… ಅಲ್ಲ. ಹಾಗಲ್ಲ.

ಅವ್ವಾ, ಬಸ್ಯಾ, ಎಲ್ಲಾರೂ ಕೇಳ್ರಿ, ಆ ಕಿವಿ ತಂತಿಗೆ ತಾಗಿದ್ದಲ್ಲ —